ಕೊನೆಯ ಪಿರಿಯಡ್ಡು

ನಮ್ಮ ಶಾಲೆಯ ಸ್ಟಾಫ್ ರೂಮಿನ ನಡುವೆ ಹಲಸಿನ ಮರದ ಒಂದು ಉದ್ದನೆಯ ಮೇಜಿದೆ. ಅದರ ಒಂದು ಕಾಲು ಗಿಡ್ಡ. ಬಹಳ ಹಿಂದೆ ಯಾರೋ ಪುಣ್ಯಾತ್ಮರು ಆ ಕಾಲಿನಡಿಗೆ ಒಂದು ಹಳೆಯ ಪಠ್ಯಪುಸ್ತಕ ಒತ್ತು ಕೊಟ್ಟಿದ್ದಾರೆ. ಪಠ್ಯಕ್ರಮ ಎಷ್ಟೋ ಸಲ ಬದಲಾಯಿತು, ಆ ಪುಸ್ತಕ ಮಾತ್ರ ಅಲ್ಲಿಂದ ಕದಲಿಲ್ಲ. ಮಧ್ಯಾಹ್ನದ ಗಂಟೆ ಬಾರಿಸಿತೆಂದರೆ ಆ ಮೇಜಿನ ಮೇಲೆ ಡಬ್ಬಿಗಳು ಬಾಯಿ ತೆರೆಯುತ್ತವೆ. ಒಬ್ಬರ ಮನೆಯ ಹಾಗಲಕಾಯಿ ಗೊಜ್ಜು, ಇನ್ನೊಬ್ಬರ ಮನೆಯ ಅವರೆಕಾಳು ಸಾರು, ಪಿ.ಟಿ. ಮೇಷ್ಟ್ರ ಮನೆಯ ರಾಗಿರೊಟ್ಟಿ ಎಲ್ಲವೂ ಕೈಯಿಂದ ಕೈಗೆ ದಾಟುತ್ತವೆ. ಸೊಸೆ ಮಾಡಿದ ಉಪ್ಪಿಟ್ಟಿನಿಂದ ಹಿಡಿದು ತುಟ್ಟಿಭತ್ಯೆಯವರೆಗೆ ಎಲ್ಲದರ ವಿಚಾರಣೆಯೂ ಅಲ್ಲೇ ಆಗುತ್ತದೆ.

ಆ ಮೇಜಿನಲ್ಲಿ ನನ್ನ ಜಾಗ ಕಿಟಕಿಯ ಪಕ್ಕ. 2023ರ ಬೇಸಿಗೆಯಲ್ಲಿ ನಮ್ಮ ಮುಖ್ಯೋಪಾಧ್ಯಾಯರು ನಿವೃತ್ತರಾದರು. ಸೇವಾ ಹಿರಿತನದ ಪಟ್ಟಿಯಲ್ಲಿ ಮೊದಲ ಹೆಸರು ನನ್ನದಾಗಿದ್ದರಿಂದ ಜೂನ್ ತಿಂಗಳಿಂದ ನಾನು ಪ್ರಭಾರ ಮುಖ್ಯೋಪಾಧ್ಯಾಯಿನಿಯಾದೆ. "ಮೇಡಂ, ಆ ಪದದಲ್ಲಿ ಇರೋದೆಲ್ಲ ಭಾರವೇ" ಎಂದು ಕನ್ನಡದ ಮೇಷ್ಟ್ರು ನಕ್ಕರು. ನಾನು ನಗಲಿಲ್ಲ. ಸಮಾಜ ವಿಜ್ಞಾನ ಕಲಿಸುವವಳು ನಾನು. ಸಾಮ್ರಾಜ್ಯಗಳು ಏಕೆ ಪತನವಾದವು ಎಂದು ಇಪ್ಪತ್ತೇಳು ವರ್ಷ ಮಕ್ಕಳಿಗೆ ಬರೆಸಿದ್ದೇನೆ. ಒಂದು ಪ್ರೌಢಶಾಲೆ ನಡೆಸುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ.

ಮೊದಲ ದಿನವೇ ಒಂದು ಕೆಂಪು ಮಸಿಯ ಪೆನ್ನು ಕೊಂಡೆ. ಪ್ರಾರ್ಥನೆಯ ಗಂಟೆಯಾದ ಮೇಲೆ ಬಂದವರ ಹಾಜರಿಯ ಮುಂದೆ 'ತಡ' ಎಂದು ಬರೆಯತೊಡಗಿದೆ. ಗೋಡೆಗೆ ಸೂಚನೆಗಳನ್ನು ಅಂಟಿಸಿದೆ. ಪಾಠ ಟಿಪ್ಪಣಿಗೆ ಸೋಮವಾರವೇ ಸಹಿಯಾಗಬೇಕು, ಚಲನವಲನ ವಹಿಯಲ್ಲಿ ಬರೆಯದೆ ಗೇಟು ದಾಟಬಾರದು, ಹೀಗೆ. ಮುಖ್ಯೋಪಾಧ್ಯಾಯರ ಕೋಣೆ ಸ್ಟಾಫ್ ರೂಮಿನ ಪಕ್ಕದಲ್ಲೇ ಇದ್ದರೂ ನಡುವೆ ಒಂದು ಬಾಗಿಲು. ಮೊದಲ ವಾರ ಯಾವುದೋ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬಿಸುವ ಅವಸರದಲ್ಲಿ ಊಟಕ್ಕೆ ಆಚೆ ಹೋಗಲಾಗಲಿಲ್ಲ. ಎರಡನೆಯ ವಾರವೂ ಹಾಗೇ ಆಯಿತು. ಮೂರನೆಯ ವಾರ ಹೋದೆ. ನಾನು ಒಳಗೆ ಕಾಲಿಡುತ್ತಲೇ ಮಾತು ನಿಂತುಹೋಯಿತು. ನೆಂಟರ ಮನೆಗೆ ಹೇಳದೆ ಹೋದಾಗ ಆಗುತ್ತದಲ್ಲ, ಅಂಥ ಮೌನ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹಿಂದಿಯ ಟೀಚರು ಕೂತಿದ್ದರು. ಅವರು ತಡಬಡಿಸಿ ಎದ್ದರು. "ಬೇಡ, ಕೂತ್ಕೊಳ್ಳಿ" ಎಂದು ಡಬ್ಬಿಯೊಂದಿಗೆ ವಾಪಸು ಬಂದುಬಿಟ್ಟೆ. ಆಮೇಲೆ ಒಂದು ವರ್ಷದ ಕಾಲ ಒಬ್ಬಳೇ ಉಂಡೆ. ನನ್ನ ಚಹಾ ಬೇರೆ ಲೋಟದಲ್ಲಿ, ತಟ್ಟೆ ಮುಚ್ಚಿಕೊಂಡು ಬರುತ್ತಿತ್ತು. ಅದೇ ದೊಡ್ಡಸ್ತಿಕೆ ಎಂದು ತಿಳಿದಿದ್ದೆ.

ನಾಯಕತ್ವದ ಬಗ್ಗೆ ನಮಗೆ ತರಬೇತಿ ಆಗಿರಲಿಲ್ಲವೆಂದಲ್ಲ. ಜಿಲ್ಲಾ ಕೇಂದ್ರದಲ್ಲಿ ಮೂರು ದಿನ ಕೂರಿಸಿದ್ದರು. ನಲವತ್ತು ಮಂದಿ ಹಿರಿಯ ಶಿಕ್ಷಕರನ್ನು ವೃತ್ತಾಕಾರವಾಗಿ ನಿಲ್ಲಿಸಿ ದಾರದ ಉಂಡೆಯೊಂದನ್ನು ಒಬ್ಬರಿಂದೊಬ್ಬರಿಗೆ ಎಸೆಯಲು ಹೇಳಿದರು. ಕೊನೆಗೆ ನಡುವೆ ಜೇಡರ ಬಲೆಯಂಥದ್ದು ಆಯಿತು. "ಇದೇ ತಂಡ" ಎಂದರು ಸಂಪನ್ಮೂಲ ವ್ಯಕ್ತಿಗಳು. ಮಂಡಿನೋವಿನ ನಮ್ಮ ಒಬ್ಬರು ಮೇಡಂ ಆ ಬಲೆಯೊಳಗೆ ಸಿಕ್ಕಿಬಿದ್ದು ಅವರನ್ನು ಬಿಡಿಸುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಅಷ್ಟೇ ನನಗೆ ನೆನಪಿರುವುದು.

ಆ ವರ್ಷ ನಮ್ಮಲ್ಲಿ ಗಣಿತದ ಹುದ್ದೆ ಖಾಲಿ ಇತ್ತು. ಅಂಥ ಕಡೆ ಸರ್ಕಾರ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಅನುಮತಿ ಕೊಡುತ್ತದೆ. ಮನೆಗೆ ಬಂದ ಅತಿಥಿಗೆ ನಾವು ಮಣೆ ಹಾಕಿ ಬಡಿಸುತ್ತೇವೆ. ಶಾಲೆಯ ಅತಿಥಿಗೆ ಆಗ ಇದ್ದದ್ದು ತಿಂಗಳಿಗೆ 10 ಸಾವಿರದ ಚಿಲ್ಲರೆ ರೂಪಾಯಿ ಗೌರವಧನ. ಅದೂ ಬಂದಾಗ ಬಂತು. ರಜೆಯ ತಿಂಗಳಲ್ಲಿ ಅದೂ ಇಲ್ಲ. ನಮಗೆ ಸಿಕ್ಕಿದವಳು ಎಂಎಸ್ಸಿ, ಬಿಎಡ್ ಮಾಡಿದ ಒಬ್ಬ ಹುಡುಗಿ, ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಬಂದದ್ದು ಆಗಸ್ಟಿನಲ್ಲಿ. 18 ಕಿಲೋಮೀಟರು ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ವಾರಕ್ಕೆ ಎರಡು ಸಲವಾದರೂ ಹತ್ತು ಹದಿನೈದು ನಿಮಿಷ ತಡ. ಅವಳ ಮೊದಲ ಪಿರಿಯಡ್ಡು ಎಂಟನೇ ತರಗತಿ ಬಿ ವಿಭಾಗಕ್ಕೆ. ಆ ಮಕ್ಕಳ ಗದ್ದಲ ನೇರವಾಗಿ ನನ್ನ ಕೋಣೆಗೇ ಕೇಳುತ್ತಿತ್ತು. ಅವಳಿಗಾಗಿಯೇ ಇಟ್ಟಿದ್ದ ಬೇರೆ ಹಾಳೆಯಲ್ಲಿ (ಕಾಯಂ ಸಿಬ್ಬಂದಿಯ ಪುಸ್ತಕದಲ್ಲಿ ಅವಳ ಹೆಸರು ಇರಲಿಲ್ಲ) ನನ್ನ ಕೆಂಪು ಮಸಿ ಧಾರಾಳವಾಗಿ ಹರಿಯಿತು. ಒಂದು ದಿನ ಎಲ್ಲರೆದುರಿಗೇ ಅಂದುಬಿಟ್ಟೆ, "ನಮ್ಮ ಮಕ್ಕಳ ಗಣಿತ ನಿಮ್ಮ ಬಸ್ಸಿಗೆ ಕಾಯೋದಿಲ್ಲಮ್ಮಾ" ಎಂದು. ಅವಳು ತಲೆ ತಗ್ಗಿಸಿ ಚಾಕ್‌ಪೀಸು ತೆಗೆದುಕೊಂಡು ಹೋದಳು. ಒಳ್ಳೆಯ ಮಾತು ಹೊಳೆಯಿತು ಎಂದು ನನಗೆ ಅರ್ಧ ದಿನ ಖುಷಿಯೇ ಇತ್ತು. ಸುಳ್ಳು ಹೇಳುವುದಿಲ್ಲ.

2024ರ ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯಿತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆಲ್ಲ ಕ್ಯಾಮೆರಾ ಹಾಕಿ ಕಚೇರಿಯಿಂದಲೇ ನೋಡುವ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಬಂದಿತ್ತು. ಮೇ 9ರಂದು ಫಲಿತಾಂಶ ಬಂದಾಗ, ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿದಿತ್ತು. ನಮ್ಮದು ಇನ್ನೂ ಕೆಳಗೆ. 43 ಮಕ್ಕಳಲ್ಲಿ 27 ಮಂದಿ ಪಾಸು. ನಪಾಸಾದ 16 ಮಕ್ಕಳಲ್ಲಿ 14 ಮಂದಿ ಗಣಿತದಲ್ಲಿ ಹೋಗಿದ್ದರು. ನಾಲ್ಕೇ ದಿನದಲ್ಲಿ ಕಚೇರಿಯಿಂದ ಕಾರಣ ಕೇಳುವ ನೋಟಿಸು ಬಂತು. ಫಲಿತಾಂಶ ಕುಸಿಯಲು ಯಾರು ಹೊಣೆ, ವಿಷಯವಾರು ವಿವರಣೆ ಕೊಡಿ, ಎಂದು.

ಹೊಣೆ ಯಾರದೆಂದು ನನಗೆ ಅನುಮಾನವೇ ಇರಲಿಲ್ಲ. ಆ ರಾತ್ರಿ ಅಡುಗೆಮನೆ ಒರೆಸಿ, ಮನೆಯವರು ಮಲಗಿದ ಮೇಲೆ ಕರಡು ಬರೆಯಲು ಕೂತೆ. "ಗಣಿತ ವಿಷಯದ ಅತಿಥಿ ಶಿಕ್ಷಕಿಯು ಪದೇ ಪದೇ ತಡವಾಗಿ ಬರುತ್ತಿದ್ದು, ಸೂಚನೆ ನೀಡಿದಾಗ್ಯೂ..." ಎಂದು ಎರಡು ಪುಟ ಸಲೀಸಾಗಿ ಬಂತು. ಕೆಂಪು ಮಸಿಯ ಹಾಳೆಗಳನ್ನು ಲಗತ್ತಿಸಿದರಾಯಿತು. ಹಾಗೆ ಬರೆದಿದ್ದರೆ ಅವಳನ್ನು ಮುಂದಿನ ವರ್ಷ ನಾವೂ ತೆಗೆದುಕೊಳ್ಳುವಂತಿರಲಿಲ್ಲ, ತಾಲ್ಲೂಕಿನಲ್ಲಿ ಇನ್ಯಾರಾದರೂ ತೆಗೆದುಕೊಳ್ಳುವುದೂ ಅನುಮಾನ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಮರುದಿನ ಬೆಳಿಗ್ಗೆ ಇಂಥ ನೋಟಿಸಿಗೆ ಹಿಂದಿನವರು ಯಾವ ಮಾದರಿಯಲ್ಲಿ ಉತ್ತರ ಬರೆದಿದ್ದಾರೆ ನೋಡೋಣವೆಂದು ಕಬ್ಬಿಣದ ಬೀರುವಿನಿಂದ ಹಳೆಯ ಕಡತಗಳನ್ನು ತೆಗೆಸಿದೆ. ಧೂಳು, ಜಿರಲೆ, ಗೆದ್ದಲು ತಿಂದು ಬಿಟ್ಟ ಅಂಚುಗಳು. ನಡುವೆ 1998ರ ಒಂದು ಕಾರ್ಬನ್ ಪ್ರತಿ ಸಿಕ್ಕಿತು. ನೀಲಿ ಅಕ್ಷರ ಮಾಸಿದ್ದರೂ ಸಹಿ ಗುರುತು ಹತ್ತಿತು. ನಮ್ಮ ದೊಡ್ಡ ಟೀಚರದು.

ಅವರ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಇದೇ ಶಾಲೆಗೆ 1996ರಲ್ಲಿ ಹೊಸದಾಗಿ ಸೇರಿದಾಗ ಅವರು ಮುಖ್ಯೋಪಾಧ್ಯಾಯಿನಿ. ಗಟ್ಟಿ ದನಿ, ಖಾದಿ ಸೀರೆ, ಹೆಗಲಿಗೆ ಜೋತ ಒಂದು ಚೀಲ. ಅವರು ಬಯ್ಯುತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಬಾಗಿಲು ಹಾಕಿಕೊಂಡು ಚೆನ್ನಾಗಿ ಬಯ್ಯುತ್ತಿದ್ದರು, ಬಾಗಿಲು ತೆರೆದ ಮೇಲೆ ಆ ಸುದ್ದಿ ಎತ್ತುತ್ತಿರಲಿಲ್ಲ. ಊಟ ಮಾತ್ರ ಎಲ್ಲರ ಜೊತೆ, ಆ ಹಲಸಿನ ಮೇಜಿನಲ್ಲೇ. ಜವಾನನ ಡಬ್ಬಿಯೂ ಅಲ್ಲಿಗೇ ಬರಬೇಕು. ಜೂನ್ ಮೊದಲ ವಾರ ಅವರು ವೇಳಾಪಟ್ಟಿ ಮಾಡಲು ಕೂರುವುದನ್ನು ನೋಡಬೇಕಿತ್ತು. ದೊಡ್ಡ ರಟ್ಟು, ಸ್ಕೇಲು, ಪೆನ್ಸಿಲು, ರಬ್ಬರು. ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದರು. ಯಾರಿಗೆ ಮನೆಯಲ್ಲಿ ಹಾಲು ಕುಡಿಯುವ ಕೂಸಿದೆ, ಯಾರಿಗೆ ರೈಲು ಹಿಡಿಯಬೇಕು, ಯಾರಿಗೆ ಮಧ್ಯಾಹ್ನದ ಮೇಲೆ ಗಂಟಲು ಕಟ್ಟುತ್ತದೆ. ಎಲ್ಲರೂ ಬೇಡವೆಂದ ಪಿರಿಯಡ್ಡುಗಳು ಕೊನೆಗೆ ಉಳಿಯುತ್ತಿದ್ದವು. ಶನಿವಾರದ ಕೊನೆಯದು, ಆಟದ ಪಿರಿಯಡ್ಡು ಮುಗಿಸಿ ಬೆವರುತ್ತ ಬರುವ ಎಂಟನೇ ಬಿ ವಿಭಾಗದ್ದು. ಆ ಚೌಕಗಳಲ್ಲಿ ಅವರು ತಮ್ಮ ಹೆಸರು ಬರೆದುಕೊಳ್ಳುತ್ತಿದ್ದರು. ಒಟ್ಟು ಕುಟುಂಬದಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಎಲ್ಲರಿಗೂ ಬಡಿಸಿದ ಮೇಲೆ ತಳದಲ್ಲಿ ಹತ್ತಿದ ಅನ್ನವನ್ನು ಕೆರೆದುಕೊಳ್ಳುವ ಅಜ್ಜಿಯ ಮಾತಿಗೆ ಮನೆಯಲ್ಲಿ ಎದುರಾಡುವವರಿರುವುದಿಲ್ಲ. ನನ್ನ ಅಜ್ಜಿ ಹಾಗಿರಲಿಲ್ಲ, ಗಟ್ಟಿ ಮೊಸರು ತನಗೇ ಎತ್ತಿಟ್ಟುಕೊಳ್ಳುತ್ತಿದ್ದಳು. ಆ ಮಾತು ಬೇರೆ.

1998ರಲ್ಲಿ ನಾನು ಹತ್ತನೇ ತರಗತಿಯ ಕ್ಲಾಸ್ ಟೀಚರು. ಪರೀಕ್ಷೆಯ ಅರ್ಜಿ ತುಂಬುವಾಗ ಒಬ್ಬ ಹುಡುಗಿಯ ಪ್ರಥಮ ಭಾಷೆ ಕನ್ನಡ ಎಂಬಲ್ಲಿ ಸಂಸ್ಕೃತದ ಸಂಕೇತ ಬರೆದಿದ್ದೆ. ಪ್ರವೇಶಪತ್ರ ಬಂದಾಗ ತಿಳಿಯಿತು. ಹುಡುಗಿ ಅತ್ತಳು, ನಾನೂ ಅತ್ತೆ. ದೊಡ್ಡ ಟೀಚರು "ಅಳೋದು ಆಮೇಲೆ, ಮೊದಲು ಅವಳ ಕಾಗದ ಕೊಡಮ್ಮ" ಎಂದು ಅದೇ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಮಲ್ಲೇಶ್ವರದ ಪರೀಕ್ಷಾ ಮಂಡಳಿಯಲ್ಲಿ ದಿನವಿಡೀ ಕಾದು ತಿದ್ದಿಸಿಕೊಂಡು ಬಂದರು. ನನಗೆ ಗೊತ್ತಿದ್ದದ್ದು ಇಷ್ಟೇ. ಆಮೇಲೆ ಕಚೇರಿಯವರು "ತಪ್ಪೆಸಗಿದ ಶಿಕ್ಷಕರ ಹೆಸರು ತಿಳಿಸಿ" ಎಂದು ಕೇಳಿದ್ದು ಗೊತ್ತಿರಲಿಲ್ಲ. ನಾನಾಗ ಇನ್ನೂ ಪ್ರೊಬೇಷನ್ನಿನಲ್ಲಿದ್ದೆ. ಕೈಯಲ್ಲಿದ್ದ ಕಾರ್ಬನ್ ಪ್ರತಿಯಲ್ಲಿ ನಾಲ್ಕೇ ಸಾಲು. ಅರ್ಜಿಗಳನ್ನು ಪರಿಶೀಲಿಸಿ ಸಹಿ ಮಾಡಿದವಳು ತಾನು, ಪರಿಶೀಲನೆಯಲ್ಲಿ ಆದ ಲೋಪ ತನ್ನದು, ಈ ಬಗ್ಗೆ ಬೇರೆ ಯಾರ ಹೆಸರನ್ನೂ ಸೂಚಿಸುವುದಕ್ಕಿಲ್ಲ, ಎಂದು. ನನ್ನ ಹೆಸರು ಎಲ್ಲೂ ಇರಲಿಲ್ಲ.

ಧೂಳಿನಿಂದಲೋ ಏನೋ ಕಣ್ಣು ಉರಿಯತೊಡಗಿತು. ಕಡತ ಮುಚ್ಚಿ ಮೈಸೂರಿಗೆ ಫೋನು ಮಾಡಿದೆ. ಅವರಿಗೀಗ ಎಂಬತ್ತು ದಾಟಿದೆ, ಕಿವಿ ಮಂದ. ಎಲ್ಲವನ್ನೂ ಕೂಗಿ ಹೇಳಿದೆ. "ಯಾವ ಕಾಗದವಮ್ಮಾ? ನಂಗೇನೂ ಜ್ಞಾಪಕ ಇಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಮಗು ಪರೀಕ್ಷೆ ಬರೀತಲ್ಲ?" ಎಂದರು. ಬರೆದಳು, ಪಾಸಾದಳು ಎಂದೆ. "ಹಾಗಾದ್ರೆ ಸರಿ. ಗೇಟಿನ ಹತ್ತಿರ ಹುಣಿಸೆಮರ ಇದೆಯೋ ಕಡಿದರೋ?" ಎಂದು ಕೇಳಿದರು.

ನಾನು ಗೋಡೆಯ ಮೇಲಿನ ನನ್ನ ವೇಳಾಪಟ್ಟಿಯ ಮುಂದೆ ಹೋಗಿ ನಿಂತೆ. ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿ ಪ್ಲಾಸ್ಟಿಕ್ ಹೊದಿಸಿದ ಪಟ್ಟಿ. ಹತ್ತನೇ ತರಗತಿಯ ಸಾಲನ್ನು ಬೆರಳಿಟ್ಟು ಓದಿದೆ. ಜೂನಿನಲ್ಲಿ ಅದನ್ನು ಮಾಡುವಾಗ ಇದ್ದವರೆಲ್ಲ ಬೆಳಗಿನ ಪಿರಿಯಡ್ಡುಗಳನ್ನು ಕೇಳಿ ಪಡೆದಿದ್ದರು, ನಾನೂ ಪಡೆದಿದ್ದೆ. ಗಣಿತಕ್ಕೆ ಆಗ ಯಾರೂ ಇರಲಿಲ್ಲ, ಹಾಗಾಗಿ ಗಣಿತದ ಪರವಾಗಿ ಕೇಳುವವರೂ ಇರಲಿಲ್ಲ. ಉಳಿದ ಚೌಕಗಳಿಗೆ ಅದನ್ನು ತುರುಕಿದ್ದೆ. ವಾರದ ಆರು ದಿನಗಳಲ್ಲಿ ನಾಲ್ಕು ದಿನ ಹತ್ತನೇ ತರಗತಿಯ ಗಣಿತ ಕೊನೆಯ ಪಿರಿಯಡ್ಡು. ಹಳ್ಳಿಯ ಮಕ್ಕಳು ಬಸ್ಸಿನ ಹಾರನ್ನಿಗೆ ಕಿವಿಗೊಟ್ಟು ಚೀಲ ಕಟ್ಟುವ ಹೊತ್ತು ಅದು. ತ್ರಿಕೋನಮಿತಿ ಹಾಳಾಗಲಿ, ಮಗ್ಗಿಯೂ ತಲೆಗೆ ಹೋಗದ ಹೊತ್ತು. ಆಗಸ್ಟಿನಲ್ಲಿ ಅವಳು ಬಂದ ಮೇಲಾದರೂ ಬದಲಾಯಿಸಬಹುದಿತ್ತು. ಪ್ಲಾಸ್ಟಿಕ್ ಹೊದಿಸಿ ಆಗಿತ್ತಲ್ಲ.

ಅವಳ ತಡದ ವಿಷಯವೂ ಆಮೇಲೆ ತಿಳಿಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ನನಗೂ ಸಂತೋಷವೇ, ತವರಿಗೆ ನಾಲ್ಕು ಸಲ ಹೆಚ್ಚಿಗೆ ಹೋಗಿಬಂದಿದ್ದೇನೆ. ಆದರೆ ಅವಳ ಊರಿಗೆ ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು. ಅದು ತುಂಬಿಕೊಂಡು ಬಂದು ನಿಲ್ಲಿಸದೆ ಹೋದ ದಿನ ಅವಳು ಎರಡು ಮೈಲಿ ನಡೆದು ಮುಖ್ಯರಸ್ತೆಗೆ ಬಂದು ಸಿಕ್ಕಿದ ಗಾಡಿ ಹತ್ತುತ್ತಿದ್ದಳಂತೆ. ಇದನ್ನು ನನಗೆ ಹೇಳಿದ್ದು ಬಿಸಿಯೂಟದ ಅಡುಗೆಯಾಕೆ. "ನಿಮಗೆ ಗೊತ್ತಿರಲಿಲ್ವಾ ಟೀಚರಮ್ಮ? ನಾವು ದಿನಾ ಆ ಮಗೀಗೆ ಮೊದಲು ಒಂದು ಲೋಟ ಹಾಲು ಕೊಟ್ಟು ಕ್ಲಾಸಿಗೆ ಕಳಿಸ್ತಿದ್ವಿ" ಎಂದಳು. ಅಡುಗೆಮನೆಗೆ ಗೊತ್ತಿದ್ದದ್ದು ನನ್ನ ಕೋಣೆಗೆ ಗೊತ್ತಿರಲಿಲ್ಲ. ನಡುವೆ ಇರುವುದು ಇಪ್ಪತ್ತು ಹೆಜ್ಜೆ.

ಕರಡು ಹರಿದೆ. ಹೊಸದಾಗಿ ಬರೆದು, ಕಳಿಸುವ ಮೊದಲು ಊರಿನಲ್ಲಿದ್ದ ಶಿಕ್ಷಕರನ್ನೆಲ್ಲ ಕರೆಸಿದೆ. ನನ್ನ ಕೋಣೆಗಲ್ಲ, ಹಲಸಿನ ಮೇಜಿಗೆ. ನೋಟಿಸನ್ನೂ ಉತ್ತರವನ್ನೂ ಓದಿ ಹೇಳಿದೆ. ಆಗಸ್ಟಿನವರೆಗೆ ಗಣಿತಕ್ಕೆ ಶಿಕ್ಷಕರಿರಲಿಲ್ಲ, ಪರ್ಯಾಯ ವ್ಯವಸ್ಥೆಯನ್ನು ನಾನು ಮಾಡಲಿಲ್ಲ, ವೇಳಾಪಟ್ಟಿ ನನ್ನದು, ಅದರ ಲೋಪವೂ ನನ್ನದು, ಇಷ್ಟೇ ಅದರ ಸಾರಾಂಶ. ಯಾರೂ ಮಾತಾಡಲಿಲ್ಲ. ಕನ್ನಡದ ಮೇಷ್ಟ್ರು ಮಾತ್ರ ಸಂಶಯದಿಂದ, "ಇದನ್ನ ನಮಗ್ಯಾಕೆ ಓದ್ತಿದೀರಿ ಮೇಡಂ?" ಎಂದರು. ನನ್ನ ಒಂದು ವರ್ಷದ ಸಂಪಾದನೆ ಆ ಪ್ರಶ್ನೆಯಲ್ಲಿತ್ತು. "ಜೂನ್ 14ರಿಂದ ಎರಡನೆಯ ಪರೀಕ್ಷೆ ಇದೆ. ಮಕ್ಕಳಿಗೆ ಪಾಠ ಮಾಡಬೇಕು. ರಜೆ ನಿಮ್ಮದು, ಬನ್ನಿ ಅಂತ ಆಜ್ಞೆ ಮಾಡೋಕೆ ನನಗೆ ಇಷ್ಟ ಇಲ್ಲ. ನಾನಂತೂ ಬರ್ತೀನಿ. ಆದರೆ ನನಗೆ ಗಣಿತ ಬರೋದಿಲ್ಲ" ಎಂದೆ. ಆಗ ವಿಜ್ಞಾನದ ಟೀಚರು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ, "ಹತ್ತನೇ ಕ್ಲಾಸಿನ ಎರಡನೇ ಪಿರಿಯಡ್ಡು ನಾನೇ ಕೇಳಿ ತಗೊಂಡಿದ್ದೆ" ಎಂದರು. ಅಷ್ಟು ಹೇಳಿ ಸುಮ್ಮನಾದರು.

ಆಮೇಲೆ ಎಲ್ಲರೂ ಕಣ್ಣೊರೆಸಿಕೊಂಡು ಒಂದಾದೆವು ಎಂದು ಬರೆದರೆ ಅದು ಸಿನಿಮಾ ಆಗುತ್ತದೆ. ಹಿಂದಿಯ ಟೀಚರು ಮಗಳ ಬಾಣಂತನಕ್ಕೆ ತುಮಕೂರಿಗೆ ಹೋಗಬೇಕೆಂದು ಹೇಳಿ ಹೋದರು. ಇನ್ನೊಬ್ಬರು ಏನೂ ಹೇಳದೆ ಬರಲಿಲ್ಲ. ಬಂದವರು ವಿಜ್ಞಾನದ ಟೀಚರು, ಕನ್ನಡದ ಮೇಷ್ಟ್ರು, ಪಿ.ಟಿ. ಮೇಷ್ಟ್ರು. ಈ ಪಿ.ಟಿ. ಮೇಷ್ಟ್ರನ್ನು ಗಂಟೆ ಹೊಡೆದ ಕೂಡಲೇ ಮನೆಗೆ ಓಡುವವರೆಂದು ನಾವೆಲ್ಲ ಹಾಸ್ಯ ಮಾಡುತ್ತಿದ್ದೆವು. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿ ವಿದ್ಯಾಗಮ ಶುರುವಾದಾಗ ಮಾರಿಗುಡಿಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿ ಸಂಜೆಯವರೆಗೆ ಓದಿಸಿದವರೂ ಅವರೇ. ಆಗ ಅವರಿಗೆ ಯಾವ ಗಂಟೆಯೂ ಕೇಳಿಸಲಿಲ್ಲ. ಈ ಸಲ ಬೈಕಿನಲ್ಲಿ ಊರೂರು ಸುತ್ತಿ, ಶುಂಠಿ ಹೊಲಕ್ಕೆ ಕೂಲಿಗೆ ಹೋಗಿದ್ದ ಇಬ್ಬರು ಹುಡುಗರನ್ನೂ ಸೇರಿಸಿ 11 ಮಕ್ಕಳನ್ನು ಕರೆತಂದರು.

ಗಣಿತದವಳಿಗೆ ನಾನೇ ಫೋನು ಮಾಡಿದೆ. ಹೆಸರು ಹಿಡಿದು ಕರೆದು, ವಿಷಯ ಹೇಳಿ, ಈ ದಿನಗಳಿಗೆ ಸರ್ಕಾರದಿಂದ ದುಡ್ಡು ಕೊಡಿಸುವುದು ನನ್ನ ಕೈಯಲ್ಲಿಲ್ಲ ಎಂಬುದನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಎಂಟು ತಿಂಗಳಲ್ಲಿ ನೀವು ನನ್ನ ಹೆಸರು ಹಿಡಿದು ಕರೆದದ್ದು ಇದೇ ಮೊದಲು. 'ಗೆಸ್ಟು ಬಂದ್ರಾ, ಗೆಸ್ಟು ಹೋದ್ರಾ' ಅಂತ ಕೇಳ್ತಿದ್ರಿ" ಎಂದಳು. ಕೋಪದಿಂದಲ್ಲ, ಲೆಕ್ಕ ಬಿಡಿಸುವಾಗ ಒಂದು ಹಂತ ಬಿಟ್ಟುಹೋಗಿದೆ ಎಂದು ತೋರಿಸುವ ಹಾಗೆ. ನಾನು ಕ್ಷಮೆ ಕೇಳಿದೆ. ಮಗಳ ವಯಸ್ಸಿನವಳ ಹತ್ತಿರ ಕ್ಷಮೆ ಕೇಳುವುದು ಸುಲಭವಲ್ಲ, ಗಂಟಲು ಒಣಗಿತು.

ಅವಳು ಬಂದಳು. ಬಿಟ್ಟಿ ದುಡಿಸಿಕೊಂಡೆವೆಂಬ ಮುಳ್ಳು ನನಗೆ ಈಗಲೂ ಇದೆ. ನಾವು ನಾಲ್ವರು ಸೇರಿ ಒಂದಿಷ್ಟು ದುಡ್ಡು ಕವರಿನಲ್ಲಿಟ್ಟು ಕೊಟ್ಟೆವು. ಅದು ಸಂಬಳವಾಗಲಿಲ್ಲ. ತಂಡದ ಉತ್ಸಾಹ, ಹೊಂದಾಣಿಕೆ ಎಂದೆಲ್ಲ ಮಾತಾಡುವವರು ಕೂಲಿಯ ಮಾತನ್ನು ಮರೆಯುವುದುಂಟು. ಒಳ್ಳೆಯ ಮಾತಿನಿಂದ ಅವಳ ಮನೆಯ ರೇಷನ್ನು ಬರುವುದಿಲ್ಲ.

ದಿನಾ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಪಾಠ. ಅವಳು ಗಣಿತ ಹೇಳುವಾಗ ನಾನು ಕೊನೆಯ ಬೆಂಚಿನಲ್ಲಿ ಕೂತೆ. ಮೂವತ್ತೈದು ವರ್ಷಗಳ ಮೇಲೆ ನನಗೂ ಸಮಾಂತರ ಶ್ರೇಢಿ ಅರ್ಥವಾಯಿತು. ಹುಡುಗನೊಬ್ಬ "ಮಿಸ್, ಟೀಚರ್ ತಪ್ಪು ಮಾಡಿದಾರೆ" ಎಂದು ನನ್ನ ನೋಟ್‌ಬುಕ್ಕು ಎತ್ತಿ ತೋರಿಸಿದಾಗ ಇಡೀ ಕ್ಲಾಸು ನಕ್ಕಿತು, ಅವಳೂ ನಕ್ಕಳು. ಒಂದು ಗಂಟೆಗೆ ಹಲಸಿನ ಮೇಜಿನಲ್ಲಿ ಊಟ. ನನ್ನ ಡಬ್ಬಿಯಲ್ಲಿ ಮಾವಿನಕಾಯಿ ಚಿತ್ರಾನ್ನ ಇದ್ದ ದಿನ ಪಿ.ಟಿ. ಮೇಷ್ಟ್ರು ಕೇಳದೆಯೇ ಕೈ ಹಾಕಿದರು. ಅಂದು ಸಂಜೆ ಮನೆಯಲ್ಲಿ ಇದನ್ನು ಹೇಳಿದರೆ, "ಅದರಲ್ಲೇನಿದೆ?" ಎಂದರು ನಮ್ಮವರು. ಅವರಿಗೆ ಹೇಗೆ ಗೊತ್ತಾಗಬೇಕು.

ಗಣಿತದ ಪರೀಕ್ಷೆ ಮತ್ತೆ ಬರೆದ 11 ಮಕ್ಕಳಲ್ಲಿ 8 ಮಂದಿ ಪಾಸಾದರು. ಉಳಿದ ಮೂವರಲ್ಲಿ ಒಬ್ಬಳಿಗೆ ಆಷಾಢ ಕಳೆದ ಮೇಲೆ ಮದುವೆ ಮಾಡುವ ಮಾತು ಎದ್ದು, ವಿಜ್ಞಾನದ ಟೀಚರೂ ನಾನೂ ಹೋಗಿ, ಹದಿನೆಂಟು ತುಂಬದೆ ಮಾಡುವಂತಿಲ್ಲವೆಂದು ಅವಳ ಅಪ್ಪನ ಹತ್ತಿರ ಕಾದಾಡಿ ಬಂದೆವು. ಆ ಕಥೆ ದೊಡ್ಡದು. ಕಚೇರಿಯಿಂದ ನನ್ನ ಉತ್ತರಕ್ಕೆ ಮರು ಉತ್ತರ ಬಂತು. ವಿವರಣೆ ಸಮಾಧಾನಕರವಾಗಿಲ್ಲ, ಮುಂದೆ ಎಚ್ಚರಿಕೆ ವಹಿಸತಕ್ಕದ್ದು. ಅದನ್ನು 1998ರ ಕಡತದಲ್ಲೇ ಸೇರಿಸಿ ದಾರ ಕಟ್ಟಿದೆ.

ಆ ವರ್ಷದ ವೇಳಾಪಟ್ಟಿಯನ್ನು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಮಾಡಿದೆವು. ಅತಿಥಿ ಶಿಕ್ಷಕಿಗೆ ಅನುಮತಿ ಬರುವ ಮೊದಲೇ ಹತ್ತನೇ ತರಗತಿಯ ಗಣಿತಕ್ಕೆ ಎರಡನೆಯ ಪಿರಿಯಡ್ಡು ಕಾದಿರಿಸಿದೆವು. ಮೊದಲನೆಯದನ್ನು ಯಾವ ಬಸ್ಸಿಗೂ ಕಾಯದ ಕನ್ನಡದ ಮೇಷ್ಟ್ರು ಒಪ್ಪಿಕೊಂಡರು. ಶನಿವಾರದ ಕೊನೆಯದಕ್ಕೆ ನನ್ನ ಹೆಸರು ಬರೆದುಕೊಂಡೆ. ಎಂಟನೇ ಬಿ ವಿಭಾಗದ್ದನ್ನೂ ಬರೆದುಕೊಳ್ಳಲು ಹೋದಾಗ ಹಿಂದಿಯ ಟೀಚರು, "ಎಲ್ಲ ಪುಣ್ಯವನ್ನೂ ನೀವೇ ಕಟ್ಕೋಬೇಡಿ ಮೇಡಂ, ಸೋಮವಾರದ್ದು ಇತ್ತ ಕೊಡಿ" ಎಂದು ರಬ್ಬರು ಕಿತ್ತುಕೊಂಡರು. ಮಂಗಳವಾರದ್ದು ಯಾರಿಗೆ ಎಂಬ ಜಗಳ ಮಾತ್ರ ಮುಗಿಯಲಿಲ್ಲ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು.